ನಿಂಬೆ ಮುಳುಗುವ ಮೊದಲು

ಗಾಜಿನ ಲೋಟದಲ್ಲಿ ಇಂಡಿ ತಾಲ್ಲೂಕಿನ ನಿಂಬೆಹಣ್ಣೊಂದು ಅರ್ಧ ಮುಳುಗಿದೆ. ಸುತ್ತ ನೀರು ಎದ್ದು, ಬಳೆಯಂತೆ ತೆಳುವಾಗಿ, ಅಂಚಿನಲ್ಲಿ ಹನಿಹನಿಯಾಗಿ ಒಡೆಯುವ ಮುನ್ನ ನಿಂತಿದೆ. ಎಲ್ಲಕ್ಕಿಂತ ಮೇಲಿನ ಹನಿ ಕಪ್ಪು ಹಿನ್ನೆಲೆಯಲ್ಲಿ ಒಂಟಿ. ತೊಟ್ಟಿನ ಬಳಿ ಒಂದು ಕಂದು ಮಚ್ಚೆ. ಅದರ ಮೇಲೂ ಬೆಳಕು.

ಚಿತ್ರದಲ್ಲಿ ಆ ಮಚ್ಚೆಯೊಂದೇ ನನಗೆ ನಿಜವೆನಿಸಿತ್ತು. ಉಳಿದದ್ದೆಲ್ಲ ಕಂಪ್ಯೂಟರ್ ಹೆಣೆದದ್ದೆಂಬ ಗುಮಾನಿ. ಸಿಂದಗಿಯ ನಮ್ಮ ವಾಚನಾಲಯದ ಛಾಯಾಚಿತ್ರ ಸ್ಪರ್ಧೆಗೆ ನಾನೇ ತೀರ್ಪುಗಾರ. ಚಿತ್ರ ಕಳಿಸಿದ ಧರ್ಮರಾಜ ನನ್ನ ಹಳೆಯ ವಿದ್ಯಾರ್ಥಿ. ಮೊದಲ ಬಹುಮಾನಕ್ಕೆ ಮುನ್ನ ಕಣ್ಣಾರೆ ನೋಡಬೇಕೆಂದು ಅವನಿರುವ ಮುದ್ದೇಬಿಹಾಳದ ಬಸ್ಸು ಹತ್ತಿದೆ.

“ಏಳನೇ ಕ್ಲಾಸಿನ ಪರೀಕ್ಷಿಯೊಳಗ ನನ್ನ ಕಾಪಿ ಚೀಟಿ ಹಿಡಿದವ್ರು ನೀವ. ಇನ್ನೂ ಸಂಶೆ ಹೋಗಿಲ್ಲೇನ್ರಿ ಮಾಸ್ತರ?” ಎಂದು ಧರ್ಮರಾಜ ನಕ್ಕ.

“ಅವತ್ತು ಚೀಟಿ ಇದ್ದದ್ದಂತೂ ಖರೇನಲ್ಲೋ,” ಎಂದೆ.

ಅಡುಗೆಮನೆಯ ಕಿಟಕಿಗೆ ಕಂಬಳಿ ಕಟ್ಟಿದ್ದ. ಲೋಟದ ಹಿಂದೆ ಕಪ್ಪು ಸೀರೆ. ಕತ್ತಲಲ್ಲಿ ಕ್ಯಾಮೆರಾದ ಕಣ್ಣು ಎರಡು ಸೆಕೆಂಡು ತೆರೆದೇ ಇರುತ್ತದೆ. ಹಣ್ಣು ಬೀಳುವಾಗ ಕೈಯಲ್ಲಿನ ಫ್ಲ್ಯಾಶ್ ಒಮ್ಮೆ ಮಿಂಚುತ್ತದೆ. ಆ ಮಿಂಚು ಕಂಡದ್ದಷ್ಟೇ ಚಿತ್ರ ಎಂದು ವಿವರಿಸಿದ.

ಅವನ ಹೆಂಡತಿ ಯಶೋಧಾ ಹಣ್ಣು ಬಿಟ್ಟಳು. ಅವನು ಫ್ಲ್ಯಾಶ್ ಒತ್ತಿದ. ಚಿತ್ರದಲ್ಲಿ ತಳ ಸೇರಿದ ಹಣ್ಣು, ಕದಡಿದ ನೀರು. ಹನ್ನೆರಡನೆಯ ಸಲವೂ ಅದೇ.

“ಇವತ್ತ ಕೈ ಕೂಡಾಕತ್ತಿಲ್ರಿ,” ಎಂದ.

ನನ್ನ ಗುಮಾನಿ ಗಟ್ಟಿಯಾಗುತ್ತಿತ್ತು. ಆದರೆ ಪ್ರತಿ ಮಿಂಚಿನಲ್ಲೂ ಒಂದನ್ನು ಕಂಡೆ: ಯಶೋಧಾಳ ಎಡಗೈ ಹೆಬ್ಬೆರಳು ಅವನಿಗಿಂತ ಮೊದಲೇ ತೋರುಬೆರಳನ್ನು ಒತ್ತಿ ಹಿಡಿದಿರುತ್ತಿತ್ತು, ತನ್ನಲ್ಲೂ ಒಂದು ಫ್ಲ್ಯಾಶ್ ಇದ್ದಂತೆ.

“ನೀ ಒತ್ತಿ ನೋಡವ್ವಾ,” ಎಂದೆ.

“ಆಕೀಗೇನ ತಿಳೀತೈತ್ರಿ?” ಧರ್ಮರಾಜನ ಮಾತಿನಲ್ಲಿ ಅವಸರವಿತ್ತು.

“ಸಪ್ಪಳ ಕೇಳಿ ಒತ್ತಿದ್ರ ನೀರು ಮಲಗಿಬಿಟ್ಟಿರ್ತೈತ್ರಿ ಮಾಸ್ತರ. ಅದಕ್ಕಿಂತ ಮೊದ್ಲ ಒತ್ತಬೇಕು,” ಎಂದಳು ಯಶೋಧಾ. “ಮುನ್ನೂರು ಸಲ ಹೇಳೇನಿ ಇವರಿಗೆ. ಮುನ್ನೂರು ಹಣ್ಣಿನ ಉಪ್ಪಿನಕಾಯಿ ಹಾಕೇನಿ.”

ಅವಳ ಒಂದು ಕೈಯಲ್ಲಿ ಹಣ್ಣು, ಇನ್ನೊಂದರಲ್ಲಿ ಫ್ಲ್ಯಾಶ್. ಎರಡನೆಯ ಸಲಕ್ಕೇ ನೀರು ಎದ್ದು ನಿಂತಿತು. ಕ್ಯಾಮೆರಾದ ಪರದೆಯಲ್ಲಿ ಅದನ್ನು ನೋಡಿದಾಗ ನನಗೆ ಸಂತೋಷವಾಗಬೇಕಿತ್ತು.

ಸ್ಪರ್ಧೆಯ ಅರ್ಜಿ ತೆಗೆದೆ. ‘ಚಿತ್ರ ತೆಗೆದವರು: ಧರ್ಮರಾಜ’ ಎಂದಿತ್ತು. ಅಕ್ಷರ ಯಾರದೆಂದು ಕೇಳಿದೆ.

“ನಾನ ಬರದೇನ್ರಿ,” ಎಂದಳು ಯಶೋಧಾ. ಪ್ರೀತಿಯಿಂದ ಬರೆದಳೋ, ಅವನು ಬರೆಸಿದನೋ, ದನಿಯಿಂದ ತಿಳಿಯಲಿಲ್ಲ.

“ಮನಿ ಒಂದ, ಹೆಸರು ಯಾವುದಾದ್ರೇನ್ರಿ,” ಎಂದ ಧರ್ಮರಾಜ.

“ಹಂಗಾದ್ರ ಆಕೀದ ಇರಲಿ. ಈ ಹೆಸರಿನ ಮ್ಯಾಲ ನಾ ಚಿತ್ರ ವಾಚನಾಲಯದ ಗೋಡಿಗೆ ಹಾಕಾಂವಲ್ಲ.”

ಅವನು ಲೆನ್ಸ್ ಒರೆಸುತ್ತ ಕುಳಿತ. ಅದರ ಮೇಲೆ ಹನಿಯೇ ಇರಲಿಲ್ಲ.

ಯಶೋಧಾ ಗಡಿಯಾರ ನೋಡಿದಳು. ಬಸವನ ಬಾಗೇವಾಡಿಯಲ್ಲಿ ಮಧ್ಯಾಹ್ನ ಅವಳಿಗೆ ಶಿಕ್ಷಕರ ತರಬೇತಿಯಿತ್ತು. ಬ್ಯಾಗು ಹೆಗಲಿಗೇರಿಸಿ, ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಗಂಡನ ಹೆಸರಿಗೆ ಗೀಟು ಎಳೆದಳು. ಅದರ ಕೆಳಗೆ ತನ್ನದನ್ನು, ನಿಧಾನವಾಗಿ, ಬರೆದಳು.

“ನೆಲಾ ಒರಸ್ರಿ, ಮಾಸ್ತರು ಜಾರ್ಯಾರು,” ಎಂದು ಗಂಡನಿಗೆ ಹೇಳಿ ಚಪ್ಪಲಿ ಮೆಟ್ಟಿದಳು. ಧರ್ಮರಾಜ ತಲೆಯೆತ್ತುವಷ್ಟರಲ್ಲಿ ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತ್ತು.