ಹಲ್ಲಿನ ಡಾಕ್ಟರ ಕತ್ತೆ ಸಿನಿಮಾ

ಕತ್ತೆ ಕೋರ್ಟಿಗೆ ಬಂದು ಸಾಕ್ಷಿ ಹೇಳುವ ಆ ಸಿನಿಮಾ ವಾರ ತುಂಬುವ ಮೊದಲೇ ಥಿಯೇಟರಿನಿಂದ ಗಂಟುಮೂಟೆ ಕಟ್ಟಿತ್ತು. ಹಲ್ಲಿನ ಡಾಕ್ಟರಿಗೆ ಮಾತ್ರ ಅದೆಂದರೆ ಪ್ರಾಣ. ಮನೆಯಲ್ಲಿ ಹಾಕಿದರೆ ಹೆಂಡತಿ ರಿಮೋಟ್ ಕಿತ್ತುಕೊಳ್ಳುತ್ತಿದ್ದಳು. ಅದಕ್ಕೇ ಅವರು ಕ್ಲಿನಿಕ್ಕಿನ ಕುರ್ಚಿಗೆ ನೇರವಾಗಿ ಮೇಲೆ, ಚಾವಣಿಗೆ ಟೀವಿ ಬಿಗಿಸಿದರು. ಬಾಯಲ್ಲಿ ಹತ್ತಿ ತುರುಕಿಸಿಕೊಂಡವರು ಎದುರು ವಾದಿಸುವುದುಂಟೇ?

ಅವತ್ತು ಆ ಕುರ್ಚಿಯಲ್ಲಿ ಸಿಕ್ಕಿಬಿದ್ದವನು ಭಾಮೈದ, ಪೇಪರಿನಲ್ಲಿ ವಿಮರ್ಶೆ ಬರೆದು ಇದೇ ಸಿನಿಮಾದ ಮಾನ ಹರಾಜು ಹಾಕಿದ್ದವನು.

"ಆ ಕತ್ತೆ ಕಣ್ಣು ನೋಡೋ," ಎಂದರು ಡಾಕ್ಟರು, ಡ್ರಿಲ್ ಆಡಿಸುತ್ತಾ. "ನೀನು ಹೊಗಳೋ ಅವಾರ್ಡ್ ಸಿನಿಮಾದಲ್ಲಿ ಗಂಟೆಗಟ್ಲೆ ಕಿಟಕಿ ನೋಡ್ಕೊಂಡು ಕೂರ್ತಾರಲ್ಲ, ಅವರಲ್ಲಿ ಒಬ್ಬರಿಗಾದ್ರೂ ಇಂಥ ನಟನೆ ಬರುತ್ತಾ?"

ಭಾಮೈದ "ಆಆ" ಎಂದ. ಒಪ್ಪಿಕೊಂಡ ಎಂದೇ ಡಾಕ್ಟರು ಲೆಕ್ಕ ಹಾಕಿದರು.

ಕತ್ತೆ ಕಟಕಟೆ ಹತ್ತುವ ಹೊತ್ತಿಗೆ ಹುಳುಕು ಹಲ್ಲು ತುಂಬಿದ್ದಾಯಿತು. ಅವರು ಹತ್ತಿ ತೆಗೆದು ಟೀವಿ ಆರಿಸಿದರು. "ಬಾಯಿ ಖಾಲಿಯಾಯ್ತಲ್ಲ, ಈಗ ಬೈಯಿ."

ಭಾಮೈದ ಬಾಯಿ ಮುಕ್ಕಳಿಸಿದ, ಆದರೆ ಕುರ್ಚಿ ಬಿಟ್ಟು ಏಳಲಿಲ್ಲ.

"ಭಾವ, ಈ ಕಡೆ ದವಡೇಲೂ ಏನೋ ಚುಳ್ ಅಂತಿದೆ," ಎಂದವನೇ ಮತ್ತೆ ಬಾಯಿ ಅಗಲಿಸಿ, ಆರಿದ ಟೀವಿಯನ್ನೇ ನೋಡುತ್ತಾ ಮಲಗಿದ.