ಮೂರನೆಯ ಪೆಟ್ಟು

ಮೂರನೆಯ ಸುತ್ತಿಗೆ ಕೆಳಗಿಳಿದಾಗ ಬತೂಲ್ ಕಂಬಕ್ಕೆ ಕೈ ಕೊಟ್ಟು ನಿಂತಳು.

ಹಳೆಯ ಮನೆಯ ಅಂಗಳದ ನಡುವೆ ಪ್ರದರ್ಶನಕ್ಕೆಂದು ದೊಡ್ಡ ತಾಮ್ರದ ಹಂಡೆಯನ್ನು ಬೋರಲು ಹಾಕಿದ್ದರು. ಅದರ ಸುತ್ತ ಮೂರು ಕಬ್ಬಿಣದ ತೋಳುಗಳು. ಬುಡದಲ್ಲಿ ಪುಟ್ಟ ಮೋಟಾರುಗಳು ಗುರುಗುಟ್ಟುತ್ತಿದ್ದವು. ಒಂದೊಂದೇ ತೋಳು ಎದ್ದು ಹಂಡೆಗೆ ಬಡಿಯುತ್ತಿತ್ತು. ಠಣ್, ಠಣ್, ಆಮೇಲೆ ಕೊಂಚ ತಡವಾಗಿ, ಕೊಂಚ ಮೆತ್ತಗೆ, ಮೂರನೆಯದು. ಆ ತಡವನ್ನು ಅವಳು ಬಲ್ಲಳು. ಮೂರನೆಯ ತೋಳಿಗೆ ಬಿಗಿದಿದ್ದ ಸುತ್ತಿಗೆಯನ್ನೂ ಬಲ್ಲಳು. ಆಲಿವ್ ಮರದ ಹಿಡಿ. ಹೆಬ್ಬೆರಳು ಊರುವಲ್ಲಿ ಸವೆದು ಆದ ಕುಳಿ.

ಗಂಡ ಜವಾದ್ ಸತ್ತ ವಾರದಲ್ಲಿ ಆ ಸುತ್ತಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಮಾಲಿಂ ಬೂಬ್ಕರ್‌ಗೆ ಕಳಿಸಿದ್ದಳು. ಹದಿನೈದು ವರ್ಷ ಒಂದೇ ಹಂಡೆಯ ಸುತ್ತ ಕೂತು ಅವಳ ಗಂಡನ ಜೊತೆ ಬಡಿದವನು ಅವನು. "ಅಮಾನತ್ತು ಅಂತ ಇಟ್ಕೊಂಡಿರಿ. ನೋಡೋ ಶಕ್ತಿ ಬಂದಾಗ ಕೇಳ್ತೀನಿ" ಎಂದು ಹೇಳಿ ಕಳಿಸಿದ್ದಳು.

ಆಮೇಲೆ ವಿಧವೆಯ ಬಿಳಿ ಬಟ್ಟೆಯ ನಾಲ್ಕು ತಿಂಗಳು ಹತ್ತು ದಿನ. ಹೊಸ್ತಿಲು ದಾಟುವಂತಿರಲಿಲ್ಲ. ಕಂಚುಗಾರರ ಚೌಕ ಅವಳ ಕಿಟಕಿಯಿಂದ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಮೊದಲ ಸಲ ಕಿವಿಗೊಟ್ಟಾಗಲೇ ಗಮನಿಸಿದಳು: ಠಣ್, ಠಣ್, ಆಮೇಲೆ ಖಾಲಿ. ಕಸುಬಿನಲ್ಲಿ ಪಳಗಿದ ಒಬ್ಬ ಮಾಲಿಂ ತೀರಿಕೊಂಡರೆ ಜೊತೆಗಾರರು ಮೂರು ದಿನ ಅವನ ಪೆಟ್ಟನ್ನು ಬಿಟ್ಟು ಬಡಿಯುತ್ತಾರೆ. ಮೂರು ದಿನ ಕಳೆದ ಮೇಲೂ ಖಾಲಿ ಇತ್ತು. ನಲವತ್ತನೆಯ ದಿನವೂ. ಆ ಖಾಲಿಯಲ್ಲಿ ಅವಳು ಒಂದು ಉಸಿರು ಬಿಡುತ್ತಿದ್ದಳು. ಅಳು ಬರುತ್ತಿರಲಿಲ್ಲ, ಏನೂ ಬರುತ್ತಿರಲಿಲ್ಲ. ಆ ಉಸಿರೊಂದು ಬರುತ್ತಿತ್ತು. ಪ್ರತಿ ಶುಕ್ರವಾರ ಆ ಜೊತೆಗಾರರ ಅಂಗಡಿಗೆ ಒಂದು ತಟ್ಟೆ ಕುಸ್ಕುಸ್ ಕಳಿಸಿದಳು.

"ಲಲ್ಲಾ ಬತೂಲ್! ಅಂತೂ ಹೊರಗೆ ಬಂದ್ರಲ್ಲ!" ಅಲ್ಲಾಲ್ ಹಿಂದಿನಿಂದ ಬಂದ. ಅಂಗಡಿಯಲ್ಲಿ ಎರಡನೆಯ ಪೆಟ್ಟು ಅವನದು. ಹೊಸ ಜಾಕೀಟು ತೊಟ್ಟಿದ್ದ. "ನೋಡಿದ್ರಾ ನಮ್ಮ ಕರಾಮತ್ತು? ಎರಡನೇ ತೋಳು ನಾನು. ನನಗಿಂತ ಸಣ್ಣಗಿದೆ, ಕೂಲಿ ಕೇಳಲ್ಲ, ಚಾನೂ ಕೇಳಲ್ಲ. ಮಾಲಿಂ ಬೂಬ್ಕರ್‌ಗೆ ಇಷ್ಟು ದಿನ ಬೇಕಿದ್ದದ್ದೇ ಇಂಥೋನು."

ಅವಳು ನಗಲಿಲ್ಲ.

"ಬೆಳಗಾದ್ರೆ ಸಾಕು, 'ಮೂರನೇದು ಬಿಡಿ, ಮೂರನೇದು ಬಿಡಿ' ಅಂತ ಪ್ರಾಣ ತಿಂದ್ಳು ಆ ಸೌಕೈನಾ. ಕೈ ಎತ್ತಿ ಹಿಡಿದೇ ಭುಜ ಬಿದ್ದೋಯ್ತು. ನಿಮ್ಮ ಕುಸ್ಕುಸ್ ಇಲ್ದಿದ್ರೆ ನಾನಂತೂ ಓಡಿಹೋಗಿರ್ತಿದ್ದೆ."

"ಯಾರು ಬಿಡಿ ಅಂದದ್ದು?"

ಅಲ್ಲಾಲ್‌ನ ನಗು ಅಲ್ಲೇ ನಿಂತಿತು. ಅವನು ಅಂಗಳದ ಆಚೆ ನೋಡಿದ. ಇದನ್ನೆಲ್ಲ ಮಾಡಿದ ಕಲಾವಿದೆ ಸೌಕೈನಾ ಅಲ್ಲಿ ಯಾರಿಗೋ ವಿವರಿಸುತ್ತಿದ್ದಳು. ಪಕ್ಕದಲ್ಲಿ ಇಸ್ತ್ರಿ ಮಾಡಿದ ಉದ್ದನೆಯ ಜಲ್ಲಾಬ ತೊಟ್ಟು ಬೂಬ್ಕರ್ ನಿಂತಿದ್ದ.

"ಮೂವರ ಬಡಿತವನ್ನೂ ಚಳಿಗಾಲದಲ್ಲೇ ದಾಖಲಿಸಿದ್ದೆ" ಎನ್ನುತ್ತಿದ್ದಳು ಸೌಕೈನಾ. "ಆಮೇಲೆ ಮೂರನೆಯವರು ಇಲ್ಲವಾದರು. ಆಗ ನನಗೆ ಹೊಳೀತು, ಆ ಜಾಗಾನ ಖಾಲಿ ಬಿಡಿಸೋಣ, ಅಲ್ಲಿಗೆ ಯಂತ್ರ ಬರಲಿ ಅಂತ. ಇವರಿಬ್ಬರೂ ನಾಲ್ಕು ತಿಂಗಳು ನನಗೋಸ್ಕರ ಬಿಟ್ಟು ಬಿಟ್ಟು ಬಡಿದರು."

ಬೂಬ್ಕರ್ ತಿರುಗಿ ನೋಡಿದ. ಬತೂಲ್ ಹತ್ತಿರ ಬರುವವರೆಗೂ ಅವನು ಕದಲಲಿಲ್ಲ.

"ಮಾಲಿಂ, ಸುತ್ತಿಗೆ ಅಮಾನತ್ತಾಗಿ ಕೊಟ್ಟಿದ್ದೆ."

"ಹಾಳಾಗಿಲ್ಲ ತಂಗಿ. ಪ್ರದರ್ಶನ ಮುಗಿದ ಮೇಲೆ ತಂದುಕೊಡ್ತಿದ್ದೆ. ಪೆಟ್ಟಿಗೇಲಿ ಬಿದ್ದಿರೋದಕ್ಕಿಂತ ನಾಲ್ಕು ಜನ ಕೇಳಲಿ ಅಂತ…"

"ಅದಿರ್ಲಿ. ರಂಜಾನಿನಲ್ಲಿ ನೀವು ಹಿಟ್ಟು ಕೊಡೋಕೆ ಬಾಗಿಲಿಗೆ ಬಂದಿದ್ರಿ. ಅವನ ಪೆಟ್ಟನ್ನ ಇನ್ನೂ ಬಿಡ್ತಿದ್ದೀರಿ, ದೇವರು ನಿಮ್ಮ ಕೈ ಚೆನ್ನಾಗಿಟ್ಟಿರಲಿ ಅಂದೆ. ನೀವು ಹೌದು ಅನ್ನೋ ಹಾಗೆ ಎದೆ ಮೇಲೆ ಕೈ ಇಟ್ಕೊಂಡ್ರಿ."

ಬೂಬ್ಕರ್ ತನ್ನ ಕೈಗಳನ್ನು ನೋಡಿಕೊಂಡ. ಎಷ್ಟು ತೊಳೆದರೂ ಉಗುರುಗಳ ಸುತ್ತ ತಾಮ್ರದ ಹಸಿರು ಉಳಿದಿತ್ತು.

"ಏನಂತ ಹೇಳ್ಲಿ? ನಿನಗೆ ಅದರಿಂದ ಸಮಾಧಾನ ಆಗ್ತಿತ್ತಲ್ಲ."

"ಮೊದಲ ಮೂರು ದಿನ?"

ಬೂಬ್ಕರ್ ತಲೆ ಎತ್ತಿದ. "ಅದು ಅವನಿಗೇ. ದೇವರಾಣೆ, ಆ ಮೂರು ದಿನ ಅವನಿಗೇ."

ಅವಳು ಲೆಕ್ಕ ಹಾಕಲು ನೋಡಿದಳು. ಆ ಮೂರು ದಿನ ಮನೆ ತುಂಬ ಹೆಂಗಸರು, ಕುರಾನ್ ಓದುವವರು, ಪಾತ್ರೆಗಳ ಸದ್ದು. ಕಿಟಕಿ ಮುಚ್ಚಿತ್ತು. ಅವಳು ಮೊದಲು ಕೇಳಿದ್ದು ಯಾವ ದಿನ? ಕಿಟಕಿ ತೆಗೆದಾಗ ಐದೋ ಆರೋ ದಿನ ಕಳೆದಿತ್ತು.

ಅವಳು ಹಂಡೆಯ ಬಳಿಗೆ ಹೋದಳು. ತೋಳು ಮೇಲೆದ್ದಾಗ ಒಂದು ತಿರುಪು ಸಡಿಲಿಸಿದಳು, ಮತ್ತೆ ಎದ್ದಾಗ ಇನ್ನೊಂದು. "ಅಯ್ಯೋ, ಮುಟ್ಟಬೇಡಿ! ಅವರನ್ನ ತಡೀರಿ!" ಎಂದು ಸೌಕೈನಾ ಕೂಗಿದಳು. ಅಲ್ಲಾಲ್ ಸೌಕೈನಾಳಿಗೆ ಅಡ್ಡ ನಿಂತ. ಸುತ್ತಿಗೆ ಬತೂಲಳ ಕೈಗೆ ಬಂತು.

ಠಣ್, ಠಣ್. ಮೂರನೆಯ ತೋಳು ಎದ್ದು, ಹಂಡೆಯನ್ನು ಮುಟ್ಟದೆ ಇಳಿಯಿತು. ಪ್ರದರ್ಶನ ನೋಡಲು ಬಂದು ಬಾಗಿಲ ಬಳಿ ನಿಂತಿದ್ದ ದಂಪತಿ ಕೇಳುತ್ತ ಕಣ್ಣು ಮುಚ್ಚಿದರು. ಠಣ್, ಠಣ್. ಬತೂಲ್ ಆ ಖಾಲಿಗಾಗಿ ಕಾದಳು. ಖಾಲಿ ಬಂತು, ಆ ಉಸಿರು ಬರಲಿಲ್ಲ.

ಹೊರಗೆ ಓಣಿಯಲ್ಲಿ ಒಬ್ಬ 'ದಾರಿ ಬಿಡಿ' ಎಂದು ಕೂಗುತ್ತ ಹೇಸರಗತ್ತೆ ಹೊಡೆದುಕೊಂಡು ಬಂದ. ಅವಳು ಗೋಡೆಗೆ ಒತ್ತಿ ನಿಂತಳು. ಜಲ್ಲಾಬದ ಒಳಗೆ ಸುತ್ತಿಗೆಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಳು. ಕುಳಿ ಅವಳ ಹೆಬ್ಬೆರಳಿಗೆ ದೊಡ್ಡದಾಗಿತ್ತು. ಎತ್ತ ಒತ್ತಿದರೂ ಒಂದು ಕಡೆ ಜಾಗ ಉಳಿಯುತ್ತಿತ್ತು.