ಹೊತ್ತು ಮುಳುಗುವ ಮುಂಚಿನ ಗುಳಿಗೆ

ಆ ದಿನ ಮುಂಜಾನೆ ಶಿರಗುಪ್ಪಿಯ ಕಬ್ಬಿನ ಮೇಲೆ ಎಷ್ಟು ದಟ್ಟ ಮಂಜು ಕೂತಿತ್ತೆಂದರೆ, ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು ಎಂಟು ಗಂಟೆಯಾದರೂ ದೀಪ ಹಚ್ಚಿಕೊಂಡೇ ಹೋಗುತ್ತಿದ್ದವು. ದಿನಾ ಐದಕ್ಕೆದ್ದು ಬಸದಿಗೆ ಹೋಗಿಬರುವ ರಾಜಮತಿ ಇನ್ನೂ ಎದ್ದಿರಲಿಲ್ಲ.

ಸೊಸೆ ಕಾಜಲ ಹಣೆ ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಕರೆದಳು, ಭುಜ ಹಿಡಿದು ಅಲುಗಿಸಿದಳು. ಒಂದು ಸಣ್ಣ ಗೊರಕೆ ಬಂದು ನಿಂತಿತು. ಮುಂದಿನ ಉಸಿರಿಗೆ ಕಾಯಬೇಕಾಯಿತು.

"ಮಲಗ್ಲಿ ಬಿಡ," ಅಂದ ಗಂಡ ಸಂದೇಶ. "ಅಪ್ಪ ಹೋದ ಮ್ಯಾಲ ಈಗೀಗ ನಿದ್ದಿ ಹತ್ತಾಕತ್ತೈತಿ."

ಹಾಲು ಕೇಳಲು ಬಂದ ನೆರೆಮನೆಯ ಗಂಗೂಬಾಯಿ ಬಾಗಿಲಲ್ಲೇ ನಿಂತಳು. ಚಪ್ಪಲಿ ಬಿಟ್ಟು, ಕೈ ಮುಗಿದು ಣಮೋಕಾರ ಮಂತ್ರ ಶುರು ಮಾಡಿದಳು. ದನಿ ಕೇಳಿ ಮತ್ತೆ ನಾಲ್ಕು ಹೆಂಗಸರು ಒಳಬಂದರು.

"ಮುಖಾ ಎಷ್ಟ ಶಾಂತ ಐತಿ ನೋಡ್ರಿ. ಸಲ್ಲೇಖನ ತಗೊಂಡಾರ. ಊಟಾ ನೀರಾ ಬಿಟ್ಟಾರ. ಪುಣ್ಯವಂತಿ!" ಅಂದಳು ಅವರಲ್ಲೊಬ್ಬಳು.

ಮತ್ತೊಬ್ಬಳು ಪಾದ ಮುಟ್ಟಲು ಬಾಗಿದಳು. ಕಾಜಲಳಿಗೆ ತಡೆಯಲಾಗಲಿಲ್ಲ.

"ಏನೂ ಬಿಟ್ಟಿಲ್ರಿ ಕಾಕೂ! ನಿನ್ನಿ ಸಂಜೀಕ ಎರಡ ಚಪಾತಿ, ಬಟ್ಟಲ ತುಂಬ ಶಿರಾ ತಿಂದಾರ. ಇನ್ನೊಂದೀಟ ತುಪ್ಪಾ ಹಾಕಂದ್ರು!"

ಮಂತ್ರ ಅರ್ಧಕ್ಕೇ ನಿಂತಿತು. ಕಾಜಲ ಕಿಟಕಿಯ ಕಟ್ಟೆಯಿಂದ ಎರಡು ಗುಳಿಗೆ ಪಟ್ಟಿಗಳನ್ನು ತಂದು ಅವರ ಮುಂದೆ ಹಿಡಿದಳು. ಒಂದು, ಎದೆ ನಡುಗುತ್ತದೆಂದು ಸಾಂಗ್ಲಿಯ ಡಾಕ್ಟರರು ಸಂಜೆಗೆ ಬರೆದುಕೊಟ್ಟದ್ದು. ಇನ್ನೊಂದು, ಮೂರು ದಿನದ ಹಿಂದೆ ಮೆಡಿಕಲ್ ಅಂಗಡಿಯ ಜಯಪಾಲ ತಾನೇ ಸೇರಿಸಿಕೊಟ್ಟ ನಿದ್ದೆ ಗುಳಿಗೆ, ರಾತ್ರಿ ಮಲಗುವಾಗ ಅಂತ. ಜೈನ ನೇಮದಂತೆ ಹೊತ್ತು ಮುಳುಗಿದ ಮೇಲೆ ರಾಜಮತಿ ಗುಟುಕು ನೀರೂ ಮುಟ್ಟುವವಳಲ್ಲ. ಐದೂವರೆಗೇ ಎರಡನ್ನೂ ಒಟ್ಟಿಗೆ ನುಂಗಿ ಕೈ ಮುಗಿಯುತ್ತಿದ್ದಳು. ಮರುದಿನ ಅವಳ ಕಾಲು ತಡವರಿಸಿದಾಗ ಮನೆಯವರು ವಯಸ್ಸು ಅಂದುಕೊಂಡಿದ್ದರು.

"ಈ ವ್ರತಾ ಕೊಟ್ಟಾವ್ರು ಯಾರ್ರಿ? ಮುನಿ ಮಹಾರಾಜರು ಕೊಟ್ಟಾರೋ, ಮೆಡಿಕಲ್ಲಿನಾವ ಕೊಟ್ಟಾನೋ?" ಅಂದವಳು ಗಂಡನತ್ತ ತಿರುಗಿದಳು. "ನೋಡ್ಕೋತ ಏನ್ ನಿಂತೀರಿ? ಗಾಡಿ ತಗೀರಿ!"

ಮಿರಜದ ದವಾಖಾನೆಯಲ್ಲಿ ಡಾಕ್ಟರಮ್ಮ ಪಟ್ಟಿಗಳನ್ನು ನೋಡಿ ಹಲ್ಲು ಕಚ್ಚಿದರು.

"ಎರಡೂ ಉಸಿರು ಕುಗ್ಗಿಸೂ ಗುಳಿಗಿ. ಒಂದು ತಗೋಳಾವ್ರಿಗೆ ಇನ್ನೊಂದು ಕೊಡೂದ ತಪ್ಪು, ಅದರಾಗ ಈ ವಯಸ್ಸಿಗೆ! ಇನ್ನೊಂದ್ ತಾಸು ತಡಾ ಆಗಿದ್ರ ಉಳೀತಿರಲಿಲ್ಲ. ಡಾಕ್ಟರ್ ಬರದ ಚೀಟಿ ಎಲ್ಲೈತಿ?"

ಚೀಟಿ ನಾಲ್ಕು ತಿಂಗಳಿಂದ ಜಯಪಾಲನ ಹತ್ತಿರವೇ ಇತ್ತು; ಅದರ ಮೇಲೆಯೇ ಅವನು ತಿಂಗಳು ತಿಂಗಳೂ ಗುಳಿಗೆ ಕೊಡುತ್ತ ಬಂದಿದ್ದ.

ಎರಡನೆಯ ದಿನ ರಾಜಮತಿ ಕಣ್ಣು ತೆರೆದಳು. ಕೈಗೆ ಹಚ್ಚಿದ ಸಲಾಯಿನ್ ನೋಡಿ, "ರಾತ್ರಿನೂ ಹಾಕಿದ್ರೇನ? ನನ್ನ ನೇಮ ಮುರೀತೇನವಾ?" ಅಂದಳು.

"ಅದನ್ನ ಮುರದಾವ್ರು ನೀವಲ್ರಿ, ಅತ್ತಿ," ಅಂದಳು ಕಾಜಲ.

ಅದೇ ಸಂಜೆ ಅವಳು ಊರಿಗೆ ಬಂದು ಮೆಡಿಕಲ್ ಅಂಗಡಿಯ ಮುಂದೆ ನಿಂತಳು. ಜಯಪಾಲ ಊಟಕ್ಕೆಂದು ಶಟರ್ ಅರ್ಧ ಎಳೆದಿದ್ದ.

"ವೈನಿ, ನಾ ಒಳ್ಳೇದಕ್ಕ ಕೊಟ್ಟೆ. ನಿದ್ದಿ ಬರವಲ್ದು ಅಂತ ಅಳಾಕತ್ತಿದ್ರು..."

"ಈಗ ಎಲ್ಲಿಗೆ ಹೊಂಟೀರಿ ಅಣ್ಣಾರ? ಊಟಕ್ಕ ಹೌದಲ್ರಿ? ನೀವೂ ನಮ್ಮಂಗ ಹೊತ್ತು ಮುಳುಗೂದ್ರಾಗ ಉಣಬೇಕು. ನಮ್ಮ ಮನ್ಯಾಗ ರಾತ್ರಿ ಗುಳಿಗಿ ಯಾವಾಗ ನುಂಗತಾರ ಅನ್ನೂದು ನಿಮಗ ಗೊತ್ತಿರಲಿಲ್ಲೇನ್ರಿ? ಹ್ಞಾಂ? ಚೀಟಿ ಕೊಡ್ರಿ."

ಜಯಪಾಲ ಡ್ರಾವರ್ ಎಳೆದು, ರಬ್ಬರ್ ಹಾಕಿದ ಚೀಟಿಗಳ ದಪ್ಪ ಕಟ್ಟೊಂದನ್ನು ತೆಗೆದ. ಒಂದೊಂದಾಗಿ ಮಗುಚುತ್ತ ಹೋದ. ಸಿಕ್ಕ ಚೀಟಿಯ ಮಡಿಕೆ ಸವೆದಿತ್ತು. ಅದರಲ್ಲಿ ಡಾಕ್ಟರರು 'ಹತ್ತು ದಿನ ಮಾತ್ರ' ಎಂದು ಬರೆದು, ಸುತ್ತ ನೀಲಿ ಗೆರೆ ಎಳೆದಿದ್ದರು. ಜಯಪಾಲ ಅದನ್ನು ಓದಿದ. ಮೊದಲ ಸಲವೇ ಓದಿದಂತೆ ಬಹಳ ಹೊತ್ತು ಓದಿದ. ಆಮೇಲೆ ತಲೆ ಎತ್ತದೆ, ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ.

ಹೊರಗೆ ಹೊತ್ತು ಮುಳುಗಿತ್ತು. ಅವನು ಮನೆಗೆ ಹೋಗಲಿಲ್ಲ. ಉಳಿದ ಕಟ್ಟನ್ನು ಬಿಚ್ಚಿಕೊಂಡು, ಒಂದೊಂದೇ ಚೀಟಿ ಓದುತ್ತ ಕೂತ.